ಹುಡುಕಿದರೂ ಸಿಗದ ಊರು

ಮುಮ್ಮೆಟ್ಟಿಗುಡ್ಡದ ಅಮೋಘಸಿದ್ಧನ ಹೆಸರು ಕೇಳಿದರೆ ಹಾಲುಮತದ ಮನೆಗಳಲ್ಲಿ ಕೈಮುಗಿಯದವರು ವಿರಳ. ಡೊಳ್ಳಿನ ಹಾಡಿನಲ್ಲಿ ಅರಕೇರಿ ಎಂಬ ಮಾತು ಬಂದೊಡನೆ ಅದು ಯಾವ ಅರಕೇರಿ ಎಂದು ಯಾರೂ ವಿಚಾರಿಸುವುದಿಲ್ಲ. ವಿಜಯಪುರ ಜಿಲ್ಲೆಯ ಆ ಊರಿನ ದಾರಿಯನ್ನು ಕುರಿಹಿಂಡಿನ ಹಿಂದೆ ನಡೆಯುವ ಹುಡುಗನೂ ಬಲ್ಲ. ಆದರೆ ಅದೇ ಹೆಸರನ್ನು ಕಂಪ್ಯೂಟರಿನ ಮುಂದೆ ಕುಳಿತು ಹುಡುಕಹೊರಟವನ ಪಾಡೇ ಬೇರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅರಕೆರೆ ‘ನಾನಿದ್ದೇನೆ’ ಎಂದು ಮುಂದೆ ಬಂದು ನಿಲ್ಲಬಹುದು; ಅದರ ಹಿಂದೆ ಶ್ರೀರಂಗಪಟ್ಟಣದ ಸೀಮೆಯ ಅರಕೆರೆ, ರಾಯಚೂರು ಜಿಲ್ಲೆಯ ಅರಕೇರಾ. ತನ್ನ ಊರಿನ ಚರಿತ್ರೆ ಬರೆದುಕೊಂಡು ಬಾ ಎಂದು ಮೇಷ್ಟ್ರು ಕಳಿಸಿದ ಶಾಲೆಯ ಹುಡುಗ, ಎಂದೂ ಕಾಣದ ಬಡಾವಣೆಯೊಂದರ ಬಸ್ಸುಗಳ ವೇಳೆಯನ್ನು ಬರೆದುಕೊಂಡು ಹೋದರೆ ಅವನ ತಪ್ಪೇನು?

ಆ ಹುಡುಗನ ಬೆನ್ನ ಹಿಂದೆ ನಿಂತು “ತಮ್ಮಾ, ಅದು ನಮ್ಮೂರಲ್ಲ” ಎಂದು ಹೇಳಬೇಕಾದ ವ್ಯಕ್ತಿಯೊಬ್ಬರಿದ್ದಾರೆ. ಅವರೇ ಗ್ರಾಮ ಪಂಚಾಯತಿಯ ಗ್ರಂಥಾಲಯದ ಮೇಲ್ವಿಚಾರಕರು. ಒಂದು ಕೋಣೆ, ಎರಡು ಕಪಾಟು, ಒಂದು ಉದ್ದನೆಯ ಮೇಜು, ನಾಲ್ಕಾರು ದಿನಪತ್ರಿಕೆ. ಇಷ್ಟನ್ನು ನಂಬಿಕೊಂಡು ಸಣ್ಣ ಗೌರವಧನದಲ್ಲಿ ವರ್ಷಗಟ್ಟಲೆ ದುಡಿದ ಜನ ಇವರು. ಕೆಲವು ವರ್ಷಗಳಿಂದ ಈಚೆಗೆ ಇವರ ಮೇಜಿನ ಮೇಲೆ ಕಂಪ್ಯೂಟರು ಬಂದು ಕುಳಿತಿದೆ. ಅದನ್ನು ನಡೆಸುವ ವಿದ್ಯೆಯನ್ನು ನಡುವಯಸ್ಸಿನಲ್ಲಿ, ಓದುಗರ ಕಣ್ಣೆದುರಿನಲ್ಲಿಯೇ, ಇವರು ಕಲಿಯಬೇಕಾಗಿದೆ.

ನಾಡಿನ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಮನೆ ನಿವೇಶನಗಳ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ಕೊಡುತ್ತ ಬಂದಿರುವ ಗೃಹಸ್ಥರಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆಯೋ! 2019ರಲ್ಲಿ ಹಳ್ಳಿಗಳ ಐದು ಸಾವಿರಕ್ಕೂ ಮಿಗಿಲಾದ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರ ಫೆಬ್ರವರಿಯಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಮುಂದಿನ ತಿಂಗಳೇ ಕೊರೋನಾ ಬಂದು ಎಲ್ಲ ಬಾಗಿಲುಗಳೂ ಮುಚ್ಚಿದವು. ಅದೇ ವರ್ಷದ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಿಂದ ಹಳ್ಳಿಯ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವವನ್ನು ಉಚಿತವಾಗಿ ಕೊಡುವ ಕಾರ್ಯಕ್ರಮ ಹೊರಟಿತು. ಇಂದು ಈ ಗ್ರಂಥಾಲಯಗಳ ಹೆಸರು ‘ಅರಿವು ಕೇಂದ್ರ’. ಹೆಸರು ಬದಲಾದಷ್ಟು ಸುಲಭವಾಗಿ ಕೈಗಳು ಹೊಸ ಕೆಲಸಕ್ಕೆ ಒಗ್ಗುವುದಿಲ್ಲ ಎಂಬುದು ಬೇರೆ ಮಾತು.

ಆರು ಕೀಲಿಗಳ ಪಾಠ

ಮೊದಲ ಕಷ್ಟ ಕನ್ನಡದಲ್ಲಿ ಬೆರಳಚ್ಚು ಮಾಡುವುದು. ಇದು ನೋಡುವವರಿಗೆ ತೋರುವಷ್ಟು ದೊಡ್ಡದಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ ‘ಅರಕೇರಿ’ ಎಂದು ಬರೆಯಲು ಆರು ಕೀಲಿ ಸಾಕು: ಎ, ಆರ್, ಕೆ, ದೊಡ್ಡ ಇ, ಆರ್, ಐ. ವ್ಯಂಜನವನ್ನು ಒತ್ತಿದರೆ ಅಕಾರ ತಾನಾಗಿ ಸೇರಿಕೊಂಡು ಬರುತ್ತದೆ. ಸ್ವರವನ್ನು ಒತ್ತಿದರೆ ಕಾಗುಣಿತ. ಶಾಲೆಯಲ್ಲಿ ಬಳಪ ಹಿಡಿದು ಕಾಗುಣಿತ ತಿದ್ದಿದವನಿಗೆ ಇದು ಒಂದು ವಾರದ ಅಭ್ಯಾಸ.

ನಿಜವಾದ ತೊಡಕು ಅದರ ಆಚೆಗಿದೆ. ಹಿಂದಿನ ವರ್ಷಗಳಲ್ಲಿ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಪುಸ್ತಕಗಳ ಪಟ್ಟಿಯನ್ನು ಶ್ರಮಪಟ್ಟು ಮಾಡಿಟ್ಟವರುಂಟು. ಆ ಪಟ್ಟಿ ಕಣ್ಣಿಗೆ ಅಚ್ಚಗನ್ನಡವಾಗಿ ತೋರಿದರೂ ಯಂತ್ರದ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳ ಮತ್ತು ಗುರುತುಗಳ ರಾಶಿಯಾಗಿಯೇ ಉಳಿದಿರುತ್ತದೆ. ಆ ಅಕ್ಷರವಿನ್ಯಾಸವಿಲ್ಲದ ಬೇರೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಸುಳಿವೇ ಇಲ್ಲ. ಹುಡುಕಿದರೆ ಒಂದು ಹೆಸರೂ ಸಿಗದು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಖಾಯಂ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬಂದ ಮೇಲೆ ಈ ತೊಂದರೆ ಹೊಸ ಬರೆಹಕ್ಕಿಲ್ಲ. ಹಳೆಯ ಪಟ್ಟಿಗಳನ್ನು ಮಾತ್ರ ಪರಿವರ್ತಿಸಿ, ಸಾಲುಸಾಲಾಗಿ ತಾಳೆ ನೋಡಬೇಕು. ನಡುವೆ ಒತ್ತಕ್ಷರ ಕೆಟ್ಟರೆ ಲೇಖಕನ ಹೆಸರೇ ಕೆಟ್ಟಿತು. ಇದು ಯಾರೂ ನೋಡದ, ಯಾರೂ ಹೊಗಳದ ಕೆಲಸ.

ಆ ಕೆಲಸವೂ ಮುಗಿಯಿತೆನ್ನಿ. ಆಗ ಕಾಣಿಸಿಕೊಳ್ಳುತ್ತದೆ ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಯಂತ್ರ ಮಹಾ ವಿಧೇಯ. ಆದರೆ ಕೊಟ್ಟ ಅಕ್ಷರಗಳನ್ನು ಬಿಟ್ಟು ಅದಕ್ಕೆ ಬೇರೆ ಪ್ರಪಂಚವಿಲ್ಲ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಜನರ ಬಾಯಲ್ಲಿ ಅದಕ್ಕೂ ಮೊದಲಿಂದ ‘ವಿಜಾಪುರ’ ಎಂಬುದೂ ಇತ್ತು. ಹಳೆಯ ಗ್ಯಾಸೆಟಿಯರು, ಪ್ರವಾಸಕಥನ, ವಚನಗಳ ಮೊದಲ ಮುದ್ರಣಗಳೆಲ್ಲ ಹಳೆಯ ಹೆಸರಿನವು. ‘ವಿಜಯಪುರ’ ಎಂದು ಹುಡುಕಿದ ವಿದ್ಯಾರ್ಥಿಗೆ ಅವು ಒಂದೂ ಕಾಣದಿರಬಹುದು. ಬದಲಿಗೆ ದೇವನಹಳ್ಳಿಯ ಬಳಿಯ ವಿಜಯಪುರ ಕಾಣಬಹುದು. ‘ಬಿಜಾಪುರ’ ಎಂದರೋ, ಛತ್ತೀಸಗಢದಲ್ಲಿ ಅದೇ ಹೆಸರಿನ ಒಂದು ಜಿಲ್ಲೆಯೇ ಇದೆ!

ಊರುಗಳಂತೆ ಮನುಷ್ಯರು. ಇದೇ ಜಿಲ್ಲೆಯ ಅಗರಖೇಡದಲ್ಲಿ ಹುಟ್ಟಿದ ನಾಟಕಕಾರ ಶ್ರೀರಂಗರು ಒಂದು ಪುಸ್ತಕದ ಮೇಲೆ ಶ್ರೀರಂಗ, ಇನ್ನೊಂದರ ಮೇಲೆ ಆದ್ಯ ರಂಗಾಚಾರ್ಯ, ಮತ್ತೊಂದು ದಾಖಲೆಯಲ್ಲಿ ಆರ್. ವಿ. ಜಾಗೀರದಾರ. ಹಲಸಂಗಿಯ ಮಧುರಚೆನ್ನರು ದಾಖಲೆಗಳಲ್ಲಿ ಚೆನ್ನಮಲ್ಲಪ್ಪ ಗಲಗಲಿ. ಮನೆಮನೆಯ ಹೆಂಗಳೆಯರು ಓದಿ ಕಣ್ಣೀರಿಟ್ಟ ತ್ರಿವೇಣಿ ಅನಸೂಯಾ ಶಂಕರ್. ಕುವೆಂಪು ಎಂದು ಬರೆದ ಕಾರ್ಡು ಒಂದು ಪೆಟ್ಟಿಗೆಯಲ್ಲಿ, ಕೆ. ವಿ. ಪುಟ್ಟಪ್ಪ ಎಂದು ಬರೆದದ್ದು ಇನ್ನೊಂದು ಪೆಟ್ಟಿಗೆಯಲ್ಲಿ ಇದ್ದರೆ, ಯಂತ್ರದ ಲೆಕ್ಕಕ್ಕೆ ಅವರು ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು.

ಹಿಂದಿನ ಗ್ರಂಥಪಾಲರಿಗೆ ಇದಕ್ಕೊಂದು ಮದ್ದು ಗೊತ್ತಿತ್ತು. ‘ಜಾಗೀರದಾರ, ಆರ್. ವಿ.: ಶ್ರೀರಂಗ ನೋಡಿ’ ಎಂದು ಒಂದು ಚೀಟಿ ಬರೆದು ಕಾರ್ಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆ ‘ನೋಡಿ’ ಚೀಟಿಯನ್ನೇ ಇಂದು ಕಂಪ್ಯೂಟರಿನೊಳಗೆ ಬರೆಯಬೇಕು. ಹೊಸ ವಿದ್ಯೆಯ ತಿರುಳು ಇರುವುದು ಗುಂಡಿ ಒತ್ತುವುದರಲ್ಲಲ್ಲ, ಇಲ್ಲಿ. ಯಾರು ಯಾರೆಂದು ಬಲ್ಲ ಹಳೆಯ ಮೇಲ್ವಿಚಾರಕ ಬೆರಳಚ್ಚಿನಲ್ಲಿ ನಿಧಾನಿಯಾದರೂ ಈ ಕೆಲಸಕ್ಕೆ ಬೇಕೇ ಬೇಕು. ಬೆರಳು ಮಿಂಚಿನಂತೆ ಓಡುವ ತರುಣನೂ ಅವನನ್ನು ಕೇಳಿಯೇ ಮುಂದುವರಿಯಬೇಕು.

ಗಣಿತದ ಮೇಷ್ಟ್ರು, ವಕೀಲರು

ನಡುದಾರಿಯಲ್ಲಿ ಹೊಸ ಕಸುಬು ಕಲಿಯಬೇಕಾಗಿ ಬಂದವರಲ್ಲಿ ಅರಿವು ಕೇಂದ್ರದವರೇ ಮೊದಲಿಗರಲ್ಲ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಂದೆಯೆನಿಸಿದ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. 1924ರ ಜನವರಿಯಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ಬಂದು ಕುಳಿತಾಗ, ಮಾತನಾಡಿಸುವವರಿಲ್ಲದ ಆ ಕೋಣೆಯಲ್ಲಿ ಅವರಿಗೆ ಜೀವ ಹಿಡಿಯಲಿಲ್ಲ. ಹಳೆಯ ಪಾಠದ ಕೆಲಸಕ್ಕೇ ಮರಳುವೆನೆಂದು ಕೇಳಿಕೊಂಡರು. ಒಮ್ಮೆ ಇಂಗ್ಲೆಂಡಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಉತ್ತರ ಬಂತು. ಹೋದರು. ಲಂಡನ್ನಿನ ಅಂಗಡಿಯೊಂದರಲ್ಲಿ ತೂತುಬಿದ್ದ ಲೋಹದ ಪಟ್ಟಿಗಳನ್ನು ತಿರುಪು ಹಾಕಿ ಜೋಡಿಸುವ ಮೆಕಾನೊ ಆಟಿಕೆಯನ್ನು ಕಂಡರು. ಅವೇ ಪಟ್ಟಿಗಳಿಂದ ಬಗೆಬಗೆಯ ರೂಪಗಳು ಏಳುವುದನ್ನು ನೋಡಿ, ವಿಷಯಗಳನ್ನೂ ಹೀಗೆ ತುಂಡುತುಂಡಾಗಿ ಜೋಡಿಸಬಹುದಲ್ಲವೆ ಎನಿಸಿತು. 1933ರಲ್ಲಿ ಪ್ರಕಟವಾದ ‘ಕೋಲನ್’ ವರ್ಗೀಕರಣದ ಬೀಜ ಅದು. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಗ್ರಂಥಪಾಲರ ಉನ್ನತ ಶಿಕ್ಷಣ ಸಂಶೋಧನೆಗಳ ಕೇಂದ್ರವೊಂದನ್ನು ಅಲ್ಲಿ ತೆರೆದರು. 1972ರಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲೊಂದು. ಅರಕೇರಿಯ ಹುಡುಗ ಬೆಂಗಳೂರಿನ ಅರಕೆರೆಯಲ್ಲಿ ಅಲೆಯುವುದನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೊ!

ಇನ್ನು ವಿಜಯಪುರದವರಿಗೆ ಮನೆಯ ಹಿರಿಯರಂತೆ ಇರುವ ಇನ್ನೊಬ್ಬರು: ಫ. ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ಮಾಡಿದವರು. ಜಗಲಿಯ ಮೇಲೆ, ಅಟ್ಟದ ಮೇಲೆ, ದೇವರ ಕೋಣೆಯಲ್ಲಿ ಬಿದ್ದಿದ್ದ ತಾಳೆಯೋಲೆಯ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಮುದ್ರಣದ ಕಷ್ಟ ತಾಳಲಾರದೆ ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು; ಮರುವರ್ಷ ‘ಶಿವಾನುಭವ’ ಪತ್ರಿಕೆ.

ಓಲೆಯ ಕಟ್ಟುಗಳಲ್ಲಿ ಬಹಳ ಕಡೆ ವಚನಗಳು ಬೆರೆತುಹೋಗಿದ್ದವು. ಇದು ಯಾರದು, ಅದು ಯಾರದು? ಬಿಡಿಸುವ ಕೀಲಿ ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಗ್ರಂಥಪಾಲ ಕಂಪ್ಯೂಟರಿಗೆ ಇಂದು ಕಲಿಸಬೇಕಾದದ್ದೂ ಇದೇ ಬಗೆಯ ಗುರುತುಗಳನ್ನು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಈಗ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳಿವೆ. ಒಂದು ಪದ ಕೊಟ್ಟರೆ ಅದು ಬಂದ ವಚನಗಳನ್ನು ತೆಗೆದು ತೋರಿಸುತ್ತದೆ. ಹಳಕಟ್ಟಿಯವರು ಸವಾರಿ ಹತ್ತಿ ಕಳೆದ ತಿಂಗಳುಗಳನ್ನು ನೆನೆದರೆ ಇದು ಪವಾಡವೇ ಸರಿ. ಆದರೆ ಆ ಪವಾಡಕ್ಕೂ ವ್ಯಾಕರಣ ಬಾರದು: ಪೂರ್ತಿ ಪದ ಮಾತ್ರ ಹುಡುಕುವ ಸಾಧನಕ್ಕೆ ‘ಮರ’ ಕೊಟ್ಟರೆ ‘ಮರದ’ ತಪ್ಪಿಹೋಗಬಹುದು. ವಿಭಕ್ತಿ ಬದಲಿಸಿ ಮತ್ತೆ ಕೇಳಬೇಕೆಂಬುದು ಕನ್ನಡ ಬಲ್ಲವನಿಗೆ ಹೊಳೆಯಬೇಕಾದ ಉಪಾಯ. ಹಳಕಟ್ಟಿಯವರ ಹೆಸರನ್ನೇ ನೋಡಿ: ಕನ್ನಡದಲ್ಲಿ ಫ. ಗು.; ಇಂಗ್ಲಿಷಿನಲ್ಲಿ ಅವರ ಕಾಲದಲ್ಲಿಯೇ ಪಿ. ಜಿ.; ಈಗಿನವರು ಕೆಲವರು ಎಫ್. ಜಿ. ಮೂರನ್ನೂ ಗಂಟು ಹಾಕದಿದ್ದರೆ, ಸಾವಿರಾರು ವಚನಗಳಿಗೆ ಒಡೆಯರನ್ನು ಹುಡುಕಿಕೊಟ್ಟ ಮಹನೀಯರು ತಮ್ಮ ಊರಿನ ಪಟ್ಟಿಯಲ್ಲಿಯೇ ಮೂವರಾಗಿ ಹರಿದುಹೋಗುತ್ತಾರೆ.

ಮೇಜಿನ ಸುತ್ತ

ಗಂಟು ಹಾಕುವ ಸಾಧನಗಳಿಗೇನೂ ಬರವಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ‘ಇ-ಗ್ರಂಥಾಲಯ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದೆ. ಕಾಲೇಜುಗಳಲ್ಲಿ ‘ಕೋಹಾ’ ಬಳಕೆಯಲ್ಲಿದೆ. ಈ ಕೋಹಾದ ಕಥೆ ಹಳ್ಳಿಯವರು ಕೇಳಬೇಕಾದದ್ದು. ನ್ಯೂಜಿಲೆಂಡಿನ ಲೆವಿನ್ ಎಂಬ ಸಣ್ಣ ಊರಿನ ಗ್ರಂಥಾಲಯದವರಿಗೆ 1999ರಲ್ಲಿ ಒಂದು ಹೆದರಿಕೆ ಹುಟ್ಟಿತು. ಇಸವಿ 2000 ಬಂದೊಡನೆ ತಮ್ಮ ಹಳೆಯ ಕಂಪ್ಯೂಟರು ದಿನಾಂಕ ತಿಳಿಯದೆ ಕೆಟ್ಟು ಕೂರುವುದಲ್ಲ! ಹೊಸದನ್ನು ಕೊಳ್ಳುವ ಬದಲು ತಮಗೆ ಬೇಕಾದಂತೆ ಒಂದನ್ನು ಬರೆಯಿಸಿ, 2000ದ ಜನವರಿಯಲ್ಲಿ ಬಳಕೆಗೆ ತಂದು, ಜಗತ್ತಿಗೆಲ್ಲ ಉಚಿತವಾಗಿ ಬಿಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಪಡೆದವರು ಮುಂದೊಮ್ಮೆ ಮರಳಿಸಬೇಕಾದ ಉಡುಗೊರೆ. ನಮ್ಮ ಮದುವೆಮನೆಯ ಮುಯ್ಯಿ, ವಿಜಯಪುರದ ಕಡೆಯವರ ಆಯೇರಿ.

ಸಾಧನ ಉಚಿತ ನಿಜ, ವೇಳೆ ಉಚಿತವಲ್ಲ. ಅರಿವು ಕೇಂದ್ರದ ಮೇಜಿನ ಮುಂದೆ ಒಂದು ದಿನದಲ್ಲಿ ಬಂದು ನಿಲ್ಲುವವರೆಲ್ಲ ಓದುಗರೇ ಅಲ್ಲ. “ಸರ್ರ, ನಮ್ಮ ಉತಾರ ಒಂದೀಟು ನೋಡ್ರಿ” ಎನ್ನುವ ರೈತ, ಪೊಲೀಸ್ ನೇಮಕಾತಿಯ ಅರ್ಜಿಗೆ ಕೊನೆಯ ದಿನ ಯಾವುದೆಂದು ಕೇಳುವ ತರುಣ, ವಿದ್ಯಾರ್ಥಿವೇತನದ ಅರ್ಜಿ ಯಾಕೆ ತಿರಸ್ಕೃತವಾಯಿತೆಂದು ಕಣ್ಣು ತುಂಬಿಕೊಂಡ ಹುಡುಗಿ. ಇವರಲ್ಲಿ ಕೆಲವರು ಗುಟ್ಟಿನ ಸಂಕೇತಪದವನ್ನು ಚೀಟಿಯಲ್ಲಿ ಬರೆದು ಮೇಲ್ವಿಚಾರಕರ ಕೈಗೇ ಕೊಟ್ಟುಬಿಡುತ್ತಾರೆ; ಮೊಬೈಲಿಗೆ ಬಂದ ಓಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ನಂಬಿಕೆ ದೊಡ್ಡದು, ಅಪಾಯವೂ ದೊಡ್ಡದು. ಆ ಚೀಟಿಯನ್ನು ಹಿಂದಕ್ಕೆ ಕೊಟ್ಟು, ಅವರ ಕೈಯಿಂದಲೇ ಒತ್ತಿಸುವ ಸಹನೆ ಹೊಸ ಪಾಠಗಳಲ್ಲಿ ಎಲ್ಲಕ್ಕಿಂತ ಕಠಿಣವಾದುದು. ತನಗೆ ತಿಳಿಯದ್ದನ್ನು ಕಾಲೇಜಿನ ಹುಡುಗಿಯಿಂದ ಕೇಳಿ ಕಲಿಯುವುದರಲ್ಲಿ ಸಂಕೋಚಪಡದ ಮೇಲ್ವಿಚಾರಕ, ಇದರಲ್ಲೂ ಬೇಗ ಪಳಗುತ್ತಾನೆ.

ಈಚೆಗೆ ಮತ್ತೊಂದು ಪೇಚು ಸೇರಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಪ್ರಶ್ನೆ ಕೇಳಿ, ಅವು ಸೂಚಿಸಿದ ಪುಸ್ತಕಗಳ ಪಟ್ಟಿಯನ್ನು ಹಿಡಿದುಕೊಂಡು ಬರುವ ಓದುಗರು ಜಗತ್ತಿನಾದ್ಯಂತ ಇದ್ದಾರೆ. ಲೇಖಕ ನಿಜ, ಹೆಸರು ಸೊಗಸು, ಪುಸ್ತಕ ಮಾತ್ರ ಇಲ್ಲ! 2025ರ ಮೇ ತಿಂಗಳಲ್ಲಿ ಅಮೆರಿಕದ ‘ಷಿಕಾಗೊ ಸನ್-ಟೈಮ್ಸ್’ ಪತ್ರಿಕೆಯೊಡನೆ ಬಂದ ಪುರವಣಿಯೊಂದು ಬೇಸಗೆಯ ಓದಿಗೆಂದು 15 ಪುಸ್ತಕಗಳನ್ನು ಶಿಫಾರಸು ಮಾಡಿತ್ತು. ಅವುಗಳಲ್ಲಿ 10 ಯಾರೂ ಬರೆಯದವು. ಅಂಥ ದೊಡ್ಡ ಪತ್ರಿಕೆಯೇ ಮೋಸಹೋದ ಮೇಲೆ ಹಳ್ಳಿಯ ವಿದ್ಯಾರ್ಥಿಯನ್ನು ನಗುವುದು ನ್ಯಾಯವಲ್ಲ. ಎರಡು ಮೂರು ಗ್ರಂಥಾಲಯಗಳ ಪಟ್ಟಿಯಲ್ಲಿ ಹುಡುಕಿ, ಪ್ರಕಾಶಕರ ಹೆಸರು ಮುದ್ರಣದ ವರ್ಷ ಕೇಳಿ, “ಇಂಥ ಪುಸ್ತಕ ಬಂದೇ ಇಲ್ಲ” ಎಂದು ಹೇಳುವ ಧೈರ್ಯ ಬೇಕು. ಇದೆ ಎಂದು ಹೇಳುವುದಕ್ಕಿಂತ ಇಲ್ಲವೆಂದು ಹೇಳುವುದಕ್ಕೆ ಹೆಚ್ಚು ತಿಳಿದಿರಬೇಕಾಗುತ್ತದೆ.

ಯಂತ್ರವೇ ಒಂದು ದಿನ ಬಾಯಿ ಮುಚ್ಚಿದರೆ? ಈ ಪ್ರಶ್ನೆಗೆ ಉತ್ತರವೂ ವಿಜಯಪುರದ ಪುಸ್ತಕಗಳ ಕಥೆಯಲ್ಲಿಯೇ ಸಿಗುತ್ತದೆ. ಒಂದನೆಯ ಅಲಿ ಆದಿಲಶಹನಿಗೆ ಪುಸ್ತಕಗಳ ಹುಚ್ಚು. ದಂಡಯಾತ್ರೆಗೆ ಹೋದರೂ ಪುಸ್ತಕದ ಪೆಟ್ಟಿಗೆಗಳು ಹಿಂದೆ ಬರಬೇಕು. ಅವನ ಗ್ರಂಥಭಂಡಾರದಲ್ಲಿ ಲಿಪಿಕಾರರು, ಚಿನ್ನದ ರೇಖೆ ಎಳೆಯುವವರು, ರಟ್ಟು ಕಟ್ಟುವವರು ಸೇರಿ ಅರುವತ್ತರಷ್ಟು ಮಂದಿ ದುಡಿಯುತ್ತಿದ್ದರಂತೆ. 1686ರಲ್ಲಿ ಔರಂಗಜೇಬನಿಗೆ ರಾಜ್ಯ ಸೋತ ಮೇಲೆ ಆ ಭಂಡಾರ ಚದರಿತು. ಅಸಾರ್ ಮಹಲಿನಲ್ಲಿ ಉಳಿದದ್ದನ್ನು 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಲಂಡನ್ನಿಗೆ ಸಾಗಿಸಿದರು. ಅಲ್ಲಿಯ ಅರಬ್ಬಿ ಹಸ್ತಪ್ರತಿಗಳಿಗೆ ಓಟೊ ಲೋಟ್ ಎಂಬ ಜರ್ಮನ್ ವಿದ್ವಾಂಸ 1877ರಲ್ಲಿ ಸೂಚಿಯೊಂದನ್ನು ಅಚ್ಚು ಹಾಕಿಸಿದ. ಇಂದು ಆ ಹಸ್ತಪ್ರತಿಗಳು ಇರುವುದು ಬ್ರಿಟಿಷ್ ಲೈಬ್ರರಿಯಲ್ಲಿ. 2023ರ ಅಕ್ಟೋಬರ್ ಕೊನೆಯಲ್ಲಿ ಹಣ ಕೀಳುವ ಕಿಡಿಗೇಡಿಗಳು ಆ ಮಹಾಗ್ರಂಥಾಲಯದ ಕಂಪ್ಯೂಟರುಗಳಿಗೆ ನುಗ್ಗಿ ಹಾಳುಮಾಡಿದರು. ಜಗತ್ತಿನ ಯಾವ ಮೂಲೆಯಿಂದಲಾದರೂ ನೋಡಬಹುದಾಗಿದ್ದ ಅದರ ಮುಖ್ಯ ಸೂಚಿ ಎರಡು ತಿಂಗಳಿಗೂ ಹೆಚ್ಚು ಕಾಲ ಕಣ್ಣು ಮುಚ್ಚಿತು; 2024ರ ಜನವರಿಯಲ್ಲಿ ಮತ್ತೆ ತೆರೆದಾಗಲೂ ಹಿಂದಿನಂತೆ ಎಲ್ಲ ಸೇವೆಗಳೂ ಇರಲಿಲ್ಲ. ಲೋಟನ 1877ರ ಸೂಚಿಗೆ ಮಾತ್ರ ಯಾವ ಕಳ್ಳನ ಭಯವೂ ಇರಲಿಲ್ಲ. ಅದು ಕಾಗದದ್ದು.

ಆದುದರಿಂದ ಕಂಪ್ಯೂಟರು ಬಂತೆಂದು ಉದ್ದನೆಯ ದಾಖಲೆ ರಿಜಿಸ್ಟರನ್ನು ರದ್ದಿಗೆ ಹಾಕುವ ಆತುರ ಬೇಡ ಎನ್ನುವವರು ಹಳಬರೆಂದು ತಳ್ಳಿಹಾಕತಕ್ಕವರಲ್ಲ. ಕರೆಂಟು ಹೋದಾಗ, ಜಾಲ ಸಿಗದಾಗ, ಪುಸ್ತಕ ಬಂದ ದಿನ, ಕ್ರಮಸಂಖ್ಯೆ, ಬೆಲೆ, ಯಾರು ಕೊಟ್ಟದ್ದು ಎಂಬುದನ್ನೆಲ್ಲ ಹೇಳುವುದು ಅದೇ. ಕಂಪ್ಯೂಟರಿನ ಪಟ್ಟಿಯನ್ನು ತಿಂಗಳಿಗೊಮ್ಮೆ ಬೇರೊಂದು ಕಡೆ ನಕಲು ಮಾಡಿಟ್ಟು, ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ತೆಗೆದು ಅದೇ ರಿಜಿಸ್ಟರಿನ ಪಕ್ಕದಲ್ಲಿ ಕಪಾಟಿನೊಳಗೆ ಇಡಬಹುದು. ಹೆಚ್ಚು ಖರ್ಚಿನ ಕೆಲಸವೇನಲ್ಲ.

ಉಳಿದದ್ದು ಆ ಹುಡುಗನ ಊರಿನ ಚರಿತ್ರೆ. ಅಮೋಘಸಿದ್ಧನ ಡೊಳ್ಳಿನ ಹಾಡುಗಳು, ಗುಡ್ಡದ ಕಥೆ, ಊರ ಹಿರಿಯರಿಗೆ ಮಾತ್ರ ನೆನಪಿರುವ ಬಾವಿ ಹೊಲಗಳ ಹೆಸರು ಇವೆಲ್ಲ ಯಾರಾದರೂ ಬರೆದು ಸೇರಿಸುವ ತನಕ ಯಾವ ಯಂತ್ರದ ಕೈಗೂ ಸಿಗುವಂಥವಲ್ಲ. ಆರು ಕೀಲಿ ಒತ್ತಿ ‘ಅರಕೇರಿ’ ಎಂದು ಬರೆದು, ಮುಂದೆ ‘ವಿಜಯಪುರ ಜಿಲ್ಲೆ’ ಎಂದು ಸೇರಿಸಿ, ಕೆಳಗಿನ ಸಾಲಿನಲ್ಲಿ ‘ಬಿಜಾಪುರ, ವಿಜಾಪುರ: ವಿಜಯಪುರ ನೋಡಿ’ ಎಂದು ದಾಖಲಿಸುವಷ್ಟರಲ್ಲಿ ಶಾಲೆ ಬಿಡುವ ಗಂಟೆಯಾಗುತ್ತದೆ, ಮಕ್ಕಳು ಮೇಜಿನ ಸುತ್ತ ಮುತ್ತಿಕೊಳ್ಳುತ್ತಾರೆ.